ಕೊನೆಯ ಹಾಡು ಒಡೆಯುವುದಕ್ಕೆ ಬೆಲ್ಟು ಕಾರಣ ಅಲ್ಲ

ಓದುಗರ ಪ್ರಶ್ನೆ: ಸರ್, ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ, ರೈಲ್ವೆ ಹಳಿಗೆ ತೀರಾ ಹತ್ತಿರ. ಅಪ್ಪ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. ಅವರ ಕಾಲದ ರೆಕಾರ್ಡುಗಳು, ನಾನು ಕೊಂಡ ರಾಕ್ ಎಲ್‌ಪಿಗಳು ಸೇರಿ ಇನ್ನೂರರಷ್ಟಿವೆ. ಈಗಿರುವುದು ಸಾಧಾರಣ ಬೆಲ್ಟ್ ಡ್ರೈವ್ (ಮೋಟಾರಿನಿಂದ ಬೆಲ್ಟಿನ ಮೂಲಕ ತಿರುಗುವ) ಪ್ಲೇಯರ್. ಲೆಡ್ ಜೆಪೆಲಿನ್‌ನ ನಾಲ್ಕನೇ ಆಲ್ಬಂ ಹಾಕಿದರೆ ಮೊದಲ ಬದಿಯ ಕೊನೆಯ ಹಾಡು 'ಸ್ಟೇರ್‌ವೇ ಟು ಹೆವನ್' ಮುಗಿಯುವ ಹೊತ್ತಿಗೆ ಧ್ವನಿ ಚರಚರ ಅಂತ ಒಡೆಯುತ್ತದೆ. ಒಳ್ಳೆಯ ಬೆಲ್ಟ್ ಡ್ರೈವ್ ಕೊಳ್ಳಲು 3 ಲಕ್ಷ ಎತ್ತಿಟ್ಟಿದ್ದೇನೆ. ಒಬ್ಬ ಗೆಳೆಯ ರಾಕ್‌ಗೆ ಬೆಲ್ಟ್ ಆಗಲ್ಲ, ಬೀಟ್ ಸಡಿಲ ಆಗುತ್ತದೆ ಅನ್ನುತ್ತಾನೆ. ಇನ್ನೊಬ್ಬ ಹತ್ತು ಕೆ.ಜಿ. ಪ್ಲ್ಯಾಟರ್ (ರೆಕಾರ್ಡು ಕೂರುವ ತಟ್ಟೆ) ಇಲ್ಲದಿದ್ದರೆ ದುಡ್ಡು ದಂಡ ಅನ್ನುತ್ತಾನೆ. ಅಮೆರಿಕದಲ್ಲಿರುವ ಭಾವ ತಮ್ಮ ಹಳೇ ಬೆಲ್ಟ್ ಡ್ರೈವ್ ಕೊಡುತ್ತೇನೆ ಅಂತಿದ್ದಾರೆ. ಇಲ್ಲಿ ವೋಲ್ಟೇಜ್ ಏರಿಳಿತ ಬೇರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ, ಆದರೆ ನಿಜವಾದ ದೂರು ಒಂದೇ. ಕೊನೆಯ ಹಾಡು ಒಡೆಯುತ್ತಿದೆ. ಮಿಕ್ಕಿದ್ದನ್ನೆಲ್ಲ ಗೆಳೆಯರು ತಂದು ಸೇರಿಸಿದ್ದಾರೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಮೂವತ್ತು ವರ್ಷದಿಂದ ಇದೇ ಊರಲ್ಲಿ ಪ್ಲೇಯರು, ಆಂಪ್ಲಿಫೈಯರು ಬಿಚ್ಚಿ ಕೂರಿಸುತ್ತಿದ್ದೇನೆ. ಈ ದೂರು ಹೊತ್ತು ಬಂದವರಲ್ಲಿ ಬಹಳ ಜನಕ್ಕೆ ಬೇಕಾಗಿದ್ದು ಹೊಸ ಪ್ಲೇಯರ್ ಅಲ್ಲ, ಹೊಸ ಮುಳ್ಳು.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂಚಿನಲ್ಲೂ ಅಷ್ಟೇ, ಲೇಬಲ್ ಹತ್ತಿರವೂ ಅಷ್ಟೇ. ಆದರೆ ಅಂಚಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಲೆಕ್ಕ ಹಾಕಿದರೆ, ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಮುಳ್ಳಿನ ಕೆಳಗೆ ಹಾದು ಹೋಗುತ್ತದೆ, ಲೇಬಲ್ ಹತ್ತಿರ ಬರೀ 21. ಅದೇ ಒಂದು ಸೆಕೆಂಡಿನ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಯಬೇಕು. ಅಂಚೆ ಕಾರ್ಡು ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಧಾರಾಳವಾಗಿ ಬರೆದುಕೊಂಡು ಬಂದು, 'ಮನೆಯವರಿಗೆಲ್ಲ ನಮಸ್ಕಾರ ತಿಳಿಸಿ' ಅನ್ನುವಷ್ಟರಲ್ಲಿ ಅಕ್ಷರ ಇರುವೆ ಸಾಲಾಗಿರುತ್ತದೆ. ಈಗ ನಿಮ್ಮ ಹಾಡನ್ನೇ ನೋಡಿ. ಎಂಟು ನಿಮಿಷದ ಹಾಡು. ಶುರುವಿನಲ್ಲಿ ಒಂದು ಅಕೌಸ್ಟಿಕ್ ಗಿಟಾರು, ಕೊಳಲಿನಂಥ ರೆಕಾರ್ಡರು, ಅಷ್ಟೇ. ಡ್ರಮ್ಸು, ಎಲೆಕ್ಟ್ರಿಕ್ ಗಿಟಾರು, ಕೂಗು ಎಲ್ಲ ಒಟ್ಟಿಗೆ ನುಗ್ಗುವುದು ಕೊನೆಗೆ. ಅಂದರೆ ಅತಿ ಜೋರಾದ ಭಾಗ ಅತಿ ಇಕ್ಕಟ್ಟಾದ ಜಾಗಕ್ಕೆ ಬಂದು ಬಿದ್ದಿದೆ. ಸಾಧಾರಣ ಮುಳ್ಳಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ.

ಅಗ್ಗದ ಪ್ಲೇಯರಿನ ಮುಳ್ಳಿನ ತುದಿ ಸಾಮಾನ್ಯವಾಗಿ ಗುಂಡಗಿರುತ್ತದೆ, ತ್ರಿಜ್ಯ 15 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಆಸುಪಾಸು. ಲೇಬಲ್ ಹತ್ತಿರ 10,000 ಹರ್ಟ್ಜ್‌ನ (ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಶಬ್ದ) ಒಂದು ಪೂರ್ತಿ ಅಲೆಯ ಉದ್ದ ಎಷ್ಟು ಗೊತ್ತಾ? 21 ಮೈಕ್ರಾನ್. ಅಷ್ಟು ಸಣ್ಣ ತಿರುವಿನೊಳಗೆ ಅಷ್ಟು ದಪ್ಪ ಗುಂಡು ಹೇಗೆ ಇಳಿಯುತ್ತದೆ? ಇಳಿಯುವುದಿಲ್ಲ, ಮೇಲೆ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಸಿಂಬಲ್‌ನ ಝಣ್ ಎಲ್ಲ ಚರ್ ಆಗುವುದು ಅಲ್ಲೇ. ಎಲಿಪ್ಟಿಕಲ್, ಅಂದರೆ ಅಂಡಾಕಾರದ, ಮುಳ್ಳಿನ ಪಕ್ಕದ ತ್ರಿಜ್ಯ 8 ಮೈಕ್ರಾನ್ ಸುತ್ತಮುತ್ತ, ಮೈಕ್ರೋಲೈನ್ ಅನ್ನುವ ಜಾತಿಯದ್ದು 3ರ ಹತ್ತಿರ. ಆಡಿಯೋ ಟೆಕ್ನಿಕಾದ ವಿಎಂ540ಎಂಎಲ್, ಆರ್ಟೊಫೋನ್‌ನ 2ಎಂ ಬ್ರಾಂಜ್ ಮತ್ತು ಬ್ಲ್ಯಾಕ್ ಗುಂಡು ತುದಿಗಿಂತ ಸಣ್ಣ ತುದಿಯ ಸಾಲಿಗೆ ಸೇರಿದವು. ರಾಕ್ ಕೇಳುವವರಿಗೆ ನಾನು ದುಡ್ಡು ಮೊದಲು ಸುರಿಯಿರಿ ಅನ್ನುವುದು ಇಲ್ಲಿಗೇ.

ಮುಳ್ಳು ಒಳ್ಳೆಯದಿದ್ದರೂ ಕೂರಿಸಿದ್ದು ಸೊಟ್ಟಗಿದ್ದರೆ ಪ್ರಯೋಜನ ಇಲ್ಲ. ಮುಳ್ಳನ್ನು ಹೊತ್ತ ಕೈ, ಅಂದರೆ ಟೋನ್ ಆರ್ಮ್, ಒಂದು ಮೂಲೆಯಿಂದ ಕಮಾನಿನಂತೆ ಬೀಸಿ ಬರುವುದರಿಂದ ಗೆರೆಯ ಜೊತೆ ಅದರ ಕೋನ ಪೂರ್ತಿ ಸರಿ ಇರುವುದು ಎರಡೇ ಕಡೆ. ಜಾಸ್ತಿ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ನಡುವಿನ ಕಡ್ಡಿಯಿಂದ 66 ಮಿ.ಮೀ. ಮತ್ತು 121 ಮಿ.ಮೀ. ದೂರದಲ್ಲಿ. ಕಾರ್ಟ್ರಿಜ್ (ಮುಳ್ಳು ಕೂತಿರುವ ಪುಟ್ಟ ಡಬ್ಬಿ) ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂತರೆ ಅದರ ಪೆಟ್ಟು ಬೀಳುವುದು ಒಳಗಿನ ಹಾಡಿಗೇ. ಕಂಪನಿಯೇ ಕೊಡುವ ಅಳತೆಯ ಕಾರ್ಡು ಇಟ್ಟು, ಭೂತಗನ್ನಡಿ ಹಿಡಿದು, ಎರಡು ಪುಟ್ಟ ಸ್ಕ್ರೂ ಸಡಿಲಿಸಿ ಸರಿ ಮಾಡುವ ಕೆಲಸ ಅದು. ನಿಮ್ಮ ತಂದೆಗೆ ಹೇಳಿ. ವಾಚ್ ಕಾರ್ಖಾನೆಯ ಕೈ, ನನಗಿಂತ ಚೆನ್ನಾಗಿ ಮಾಡುತ್ತಾರೆ.

ಮುಳ್ಳು ರೆಕಾರ್ಡಿನ ಮೇಲೆ ಒತ್ತುವ ಭಾರದ ವಿಚಾರದಲ್ಲಿ ನಾನೇ ಪೆಟ್ಟು ತಿಂದವನು. ಮುಳ್ಳು ಹಗುರ ಇದ್ದಷ್ಟೂ ರೆಕಾರ್ಡಿಗೆ ಒಳ್ಳೆಯದು ಅಂತ ಹುಡುಗುಬುದ್ಧಿಯಲ್ಲಿ 2 ಗ್ರಾಂ ಇಡಬೇಕಾದ ಕಡೆ 1 ಗ್ರಾಂ ಇಟ್ಟು ವರ್ಷಗಟ್ಟಲೆ ಓಡಿಸಿದೆ. ಹಗುರ ಮುಳ್ಳು ಜೋರಾದ ಜಾಗದಲ್ಲಿ ಗೆರೆಯ ಗೋಡೆ ಬಿಟ್ಟು ಎಗರುತ್ತದೆ, ಮತ್ತೆ ಬಂದು ಕುಟ್ಟುತ್ತದೆ. ಆ ರೆಕಾರ್ಡುಗಳು ಇವತ್ತು ಎಂಥ ಮುಳ್ಳು ಇಟ್ಟರೂ ಚರಚರ ಅನ್ನುತ್ತವೆ. ನಿಮ್ಮ ಜೆಪೆಲಿನ್ ಪ್ರತಿಗೂ ಹಾಗೇ ಆಗಿದ್ದರೆ ಯಾವ ಪ್ಲೇಯರೂ ಅದನ್ನು ವಾಪಸ್ ತರುವುದಿಲ್ಲ, ಇದು ಮೊದಲೇ ಗೊತ್ತಿರಲಿ. ಕೊಳ್ಳುವ ಮೊದಲು ಒಳ್ಳೆಯ ಮುಳ್ಳಿರುವ ಯಾರದ್ದಾದರೂ ಪ್ಲೇಯರಿನಲ್ಲಿ ಅದೇ ಪ್ರತಿ ಹಾಕಿ ಕೇಳಿ. ಅಲ್ಲೂ ಒಡೆದರೆ ಪ್ಲೇಟು ಹೋಗಿದೆ. ಅಲ್ಲಿ ಸರಿ ಇದ್ದರೆ ನಿಮ್ಮ ಮುಳ್ಳು ಹೋಗಿದೆ.

ಈಗ ಬೆಲ್ಟ್ ಜಗಳ.

ಹಿಟ್ಟಿನ ಗಿರಣಿಯಲ್ಲಿ ಮೋಟಾರು ಆ ಕಡೆ, ಕಲ್ಲು ಈ ಕಡೆ, ನಡುವೆ ಬೆಲ್ಟು, ಅಲ್ವಾ? ಇಲ್ಲೂ ಅದೇ, ಕಾರಣ ಮಾತ್ರ ಬೇರೆ. ಮೋಟಾರಿನ ನಡುಕ ಪ್ಲ್ಯಾಟರಿಗೆ ದಾಟದೆ ರಬ್ಬರಿನಲ್ಲೇ ಸಾಯಲಿ ಅಂತ. ಈ ನಡುಕ ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ರೆಕಾರ್ಡಿನಲ್ಲಿ ಗೆರೆ ಕತ್ತರಿಸುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ. ಇಲ್ಲದಿದ್ದರೆ ಬೇಸ್ ಗೆರೆಗಳು ಅಗಲವಾಗಿ ಹೊರಳಾಡಿ ಒಂದು ಬದಿಗೆ ಹತ್ತು ನಿಮಿಷವೂ ಹಿಡಿಯುವುದು ಕಷ್ಟ. ಕೇಳುವಾಗ ಫೋನೋ ಸ್ಟೇಜ್ (ಮುಳ್ಳಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಸರ್ಕ್ಯೂಟು) ಅದನ್ನು ತಿರುಗಾಮುರುಗಾ ಮಾಡುತ್ತದೆ. ಇದಕ್ಕೆ ಆರ್‌ಐಎಎ ಕರ್ವ್ ಅನ್ನುತ್ತಾರೆ, 1954ರಿಂದ ಬಂದಿದ್ದು. 50 ಹರ್ಟ್ಜ್ ಹತ್ತಿರದ ಶಬ್ದವನ್ನು ಅದು ನಡುವಿನ ಸ್ವರಗಳಿಗಿಂತ ಸುಮಾರು ಏಳು ಪಟ್ಟು ಹಿಗ್ಗಿಸುತ್ತದೆ. ಬೇಸ್ ಗಿಟಾರಿನ ಜೊತೆಗೆ ಮೋಟಾರಿನ ಗುಂಯ್ ಕೂಡ ಏಳು ಪಟ್ಟು. ಬೆಲ್ಟು ಬೇಕಾಗಿದ್ದು ಇದಕ್ಕೇ.

ಬೆಲ್ಟಿನಿಂದ ಬೀಟ್ ಸಡಿಲ ಆಗುತ್ತದೆ ಅನ್ನುವ ಮಾತಿಗೂ ಒಂದು ಬೇರಿದೆ. 1970ರಲ್ಲಿ ಟೆಕ್ನಿಕ್ಸ್‌ನ ಎಸ್‌ಪಿ-10 ಪ್ಲೇಯರ್ ಬಂತು, 1972ರಲ್ಲಿ ಎಸ್‌ಎಲ್-1200. ಎರಡೂ ಡೈರೆಕ್ಟ್ ಡ್ರೈವ್, ಅಂದರೆ ಬೆಲ್ಟಿಲ್ಲದೆ ಮೋಟಾರೇ ನೇರವಾಗಿ ಪ್ಲ್ಯಾಟರ್ ತಿರುಗಿಸುವಂಥವು. ಎಸ್‌ಎಲ್-1200 ಡಿಜೆಗಳ ಕೈಗೆ ಸೇರಿ ಹೆಸರಾಯಿತು. ಡಿಜೆಗೆ ಪ್ಲ್ಯಾಟರ್ ಹಿಡಿದು ನಿಲ್ಲಿಸಿ ಬಿಟ್ಟ ಕೂಡಲೇ ಪೂರ್ತಿ ವೇಗ ಬೇಕು, ಅದು ಬೆಲ್ಟಿಗೆ ಆಗದ ಕೆಲಸ. ನೀವು ಹಾಗೇನೂ ಮಾಡುವುದಿಲ್ಲ. ಒಮ್ಮೆ ವೇಗ ಹಿಡಿದ ಮೇಲೆ ಪ್ಲ್ಯಾಟರಿನ ಭಾರವೇ ಅದನ್ನು ಒಂದೇ ಸಮ ಓಡಿಸುತ್ತದೆ. ಬೆಲ್ಟ್ ಪ್ಲೇಯರಿನಲ್ಲಿ ರಾಕ್ ಜೋಲು ಬಿದ್ದಂತೆ ಕೇಳಿಸಿದರೆ ಬೆಲ್ಟು ಹಳತಾಗಿದೆ ಅಂತ ಅರ್ಥ. ಹೋದ ತಿಂಗಳು ಒಂದು ಪ್ಲೇಯರ್ ಬಂತು. ಪ್ಲ್ಯಾಟರ್ ಎತ್ತಿ ನೋಡಿದರೆ ಪುಲ್ಲಿಯ ಮೇಲೆ ಕಾಡಿಗೆಯಂಥ ಕರಿ ಪದರ. ಬೆಲ್ಟು ಬೆರಳಿಗೆ ಹಾಕಿ ಎಳೆದರೆ ಹಳೇ ಚಡ್ಡಿಯ ಎಲಾಸ್ಟಿಕ್ಕಿನ ಹಾಗೆ, ಹೋದದ್ದು ವಾಪಸ್ ಬರಲೇ ಇಲ್ಲ. ಪುಲ್ಲಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹೊಸ ಬೆಲ್ಟು ಹಾಕಿದೆ. ವೇಗ ನೋಡಲು 180 ಗೆರೆಯ ಸ್ಟ್ರೋಬ್ ಕಾರ್ಡು ಇಟ್ಟು ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಹಚ್ಚಿದರೆ ಗೆರೆಗಳು ಅಲ್ಲಾಡದೆ ನಿಂತವು. ನಮ್ಮ ಕರೆಂಟು 50 ಹರ್ಟ್ಜ್, ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಆ ಲೆಕ್ಕಕ್ಕೆ 33⅓ ವೇಗದಲ್ಲಿ 180 ಗೆರೆ ನಿಂತಂತೆ ಕಾಣುತ್ತದೆ. ಎಲ್ಇಡಿ ಬಲ್ಬಿನಲ್ಲಿ ಈ ಆಟವನ್ನು ನಂಬಬೇಡಿ.

ಹತ್ತು ಕೆ.ಜಿ. ಪ್ಲ್ಯಾಟರಿನ ಮಾತು ಅರ್ಧ ಸತ್ಯ. ಭಾರ ಇದ್ದರೆ ವೇಗ ಸ್ಥಿರ, ಸರಿ. ಆದರೆ ಆ ಭಾರವೆಲ್ಲ ಕೂರುವುದು ಒಂದು ಬೇರಿಂಗಿನ ತುದಿಯ ಮೇಲೆ, ಅದರ ಕೆಲಸ ನಯವಾಗಿಲ್ಲದಿದ್ದರೆ ಭಾರವೇ ಸದ್ದು ಮಾಡುತ್ತದೆ. ಇದನ್ನೂ ನಿಮ್ಮ ತಂದೆ ಚೆನ್ನಾಗಿ ವಿವರಿಸುತ್ತಾರೆ. ಇಂಗ್ಲೆಂಡಿನ ರೇಗಾ ಕಂಪನಿ ಹಗುರವಾಗಿ, ಬಿಗಿಯಾಗಿ ಕಟ್ಟುವುದನ್ನೇ ನಂಬಿ ದಶಕಗಳಿಂದ ಒಳ್ಳೆಯ ಪ್ಲೇಯರ್ ಮಾಡುತ್ತಿದೆ. ತೂಕ ನೋಡಿ ಟರ್ನ್‌ಟೇಬಲ್ ಕೊಳ್ಳುವುದು ತೂಕ ನೋಡಿ ಪುಸ್ತಕ ಕೊಂಡ ಹಾಗೆ. 180 ಗ್ರಾಂ ರೆಕಾರ್ಡು ಅಂತ ಜಾಸ್ತಿ ಕೊಟ್ಟು ತರುವುದೂ ಅಷ್ಟೇ, ಧ್ವನಿ ನಿರ್ಧಾರವಾಗುವುದು ಗೆರೆ ಕತ್ತರಿಸಿದವನ ಕೈಯಲ್ಲಿ.

ನಿಮ್ಮ ಮನೆಗೆ ನಿಜವಾದ ಚಿಂತೆ ಬೇರೆ ಇದೆ. ರಾಕ್ ಕೇಳುವವರು ಜೋರಾಗಿ ಕೇಳುತ್ತಾರೆ. ಸ್ಪೀಕರ್ ಕೋಣೆ ನಡುಗಿಸುತ್ತದೆ, ಆ ನಡುಕ ಸ್ಟ್ಯಾಂಡ್ ಹತ್ತಿ ಮುಳ್ಳಿಗೆ ಬರುತ್ತದೆ, ಮುಳ್ಳು ಅದನ್ನೂ ಹಾಡು ಅಂತ ತಿಳಿದು ಆಂಪ್ಲಿಫೈಯರಿಗೆ ಕಳಿಸುತ್ತದೆ, ಅದು ಮತ್ತೆ ಸ್ಪೀಕರಿಗೆ. ವಾಲ್ಯೂಮ್ ಏರಿಸಿದಂತೆ ಬೇಸ್ ಊದಿಕೊಂಡು ಗೊಂದಲ ಆಗುವುದು ಹೀಗೆ. ಜನ ಇದನ್ನೇ ಪ್ಲೇಯರಿನ ದೋಷ ಅಂತಾರೆ. ಇವತ್ತೇ ಒಂದು ಪರೀಕ್ಷೆ ಮಾಡಿ. ಮೋಟಾರ್ ಆಫ್ ಇರಲಿ. ನಿಂತ ರೆಕಾರ್ಡಿನ ಮೇಲೆ ಮೆಲ್ಲಗೆ ಮುಳ್ಳು ಇಳಿಸಿ, ವಾಲ್ಯೂಮನ್ನು ಸೊನ್ನೆಯಿಂದ ನಿಧಾನವಾಗಿ ನೀವು ಕೇಳುವ ಮಟ್ಟಕ್ಕೆ ತನ್ನಿ. ಗುಂಯ್ ಅಂತ ಸದ್ದು ಬೆಳೆಯತೊಡಗಿದರೆ ತಕ್ಷಣ ಇಳಿಸಿ, ಉತ್ತರ ಸಿಕ್ಕಂತಾಯಿತು. ಇಲ್ಲದಿದ್ದರೆ ಸ್ಟ್ಯಾಂಡಿನ ಮೇಲೆ ಬೆರಳಲ್ಲಿ ಒಮ್ಮೆ ತಟ್ಟಿ. ಸ್ಪೀಕರಿನಲ್ಲಿ ಧಡ್ ಅಂತ ಬಂದರೆ 3 ಲಕ್ಷದ ಪ್ಲೇಯರ್ ತಂದು ಅಲ್ಲೇ ಇಟ್ಟರೂ ಅದೇ ಧಡ್. ಹಾಗೇ ಬಿಟ್ಟು ಒಂದು ರೈಲು ಹೋಗುವವರೆಗೆ ಕಾಯಿರಿ. ಗೂಡ್ಸ್ ಗಾಡಿಯಾದರೆ ಇನ್ನೂ ಒಳ್ಳೆಯದು.

ಮರದ ಸ್ಟ್ಯಾಂಡಿಗಿಂತ ಇಟ್ಟಿಗೆ ಗೋಡೆಗೆ ಬಿಗಿದ ಶೆಲ್ಫು ಎಷ್ಟೋ ಮೇಲು. ನಮ್ಮ ಕಡೆಯ ಮನೆಗಳಲ್ಲಿ ಗೋಡೆಯೊಳಗೇ ಹೂತ ಕಡಪ ಕಲ್ಲಿನ ಶೆಲ್ಫು ಇರುತ್ತದೆ, ನಿಮ್ಮಲ್ಲೂ ಇರಬಹುದು. ಅದು ವರ. ಆದರೆ ಬರೀ ಕಲ್ಲಿನ ಮೇಲೆ ಇಡಬೇಡಿ. ಗೆಣ್ಣಿನಿಂದ ತಟ್ಟಿದರೆ ಕಲ್ಲು ಟಿಣ್ ಅನ್ನುತ್ತದೆ, ಆ ಟಿಣ್ ಮುಳ್ಳಿಗೂ ಕೇಳಿಸುತ್ತದೆ. ನಡುವೆ ಎರಡು ಇಂಚಿನ ಗಟ್ಟಿ ಮರದ ಹಲಗೆ, ಅದರ ಕೆಳಗೆ ನಾಲ್ಕು ರಬ್ಬರ್ ತುಂಡು ಕೊಡಿ. ಸ್ಪೀಕರ್ ತಗುಲಿರುವ ಗೋಡೆ ಬೇಡ, ಆ ಕಡೆ ಅಡುಗೆಮನೆಯ ಮಿಕ್ಸಿ ಇರುವ ಗೋಡೆಯೂ ಬೇಡ.

ವೋಲ್ಟೇಜ್ ವಿಚಾರಕ್ಕೆ ಬಂದರೆ, ಅದು ಏರಿಳಿದರೆ ಹಾಡಿನ ವೇಗವೂ ಏರಿಳಿಯುತ್ತದೆ ಅನ್ನುವುದು ಸುಳ್ಳು. ಕರೆಂಟಿನ ಮಿಡಿತಕ್ಕೆ ತಾಳ ಹಾಕಿ ತಿರುಗುವ ಎಸಿ ಸಿಂಕ್ರೊನಸ್ ಮೋಟಾರಿನ ವೇಗ ನಿಲ್ಲುವುದು ಹರ್ಟ್ಜ್ ಮೇಲೆ, ವೋಲ್ಟಿನ ಮೇಲೆ ಅಲ್ಲ, ಹರ್ಟ್ಜ್ ನಮ್ಮಲ್ಲಿ 50ರ ಹತ್ತಿರವೇ ಇರುತ್ತದೆ. ಸ್ಟೆಬಿಲೈಸರ್ ಹಾಕಿ, ಬೇಡ ಅನ್ನಲ್ಲ, ಆಂಪ್ಲಿಫೈಯರ್ ಉಳಿಯುತ್ತದೆ. ಅದರ ರಿಲೇ ಟಕ್ ಅಂದಾಗ ಸ್ಪೀಕರಿನಲ್ಲಿ ಟಪ್ ಅನ್ನಬಹುದು, ಅಷ್ಟೇ. ಕರೆಂಟ್ ಹೋದಾಗ ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮಾತ್ರ ಓಡಿಸಬೇಡಿ, ಮೋಟಾರು ಗುರ್ ಅನ್ನುತ್ತದೆ, ಬಿಸಿಯಾಗುತ್ತದೆ. ಮನೆಯ ಅರ್ಥಿಂಗ್ ನಿಜವಾಗಿ ಇದೆಯಾ ಅಂತ ಒಮ್ಮೆ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ಅಲಂಕಾರಕ್ಕೆ ಇರುವುದನ್ನು ಬೇಕಾದಷ್ಟು ನೋಡಿದ್ದೇನೆ. ಮುಳ್ಳಿನಿಂದ ಬರುವುದು ಮೂರರಿಂದ ಐದು ಮಿಲಿವೋಲ್ಟ್, ಅಷ್ಟು ಸಣ್ಣ ಸಿಗ್ನಲ್ಲಿಗೆ ಹಮ್ ಸೇರಲು ಎಷ್ಟು ಹೊತ್ತು? ಪ್ಲೇಯರಿನ ಹಿಂದೆ ತೂಗುವ ಒಂಟಿ ಗ್ರೌಂಡ್ ವೈರನ್ನು ಫೋನೋ ಸ್ಟೇಜಿನ ಸ್ಕ್ರೂಗೆ ಬಿಗಿಯುವುದನ್ನೂ ಮರೆಯಬೇಡಿ.

ಭಾವನ ಪ್ಲೇಯರ್ ವಿಷಯಕ್ಕೆ ಇದೇ ಹರ್ಟ್ಜ್ ಅಡ್ಡ ಬರುತ್ತದೆ. ಅಮೆರಿಕದ್ದು 60 ಹರ್ಟ್ಜ್. ಒಬ್ಬರು ಹೀಗೇ ಅಲ್ಲಿಂದ ತರಿಸಿಕೊಂಡು, ಅಂಗಡಿಯವನು ಹೇಳಿದ ಅಂತ 110 ವೋಲ್ಟಿನ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ನನ್ನ ಹತ್ತಿರ ತಂದರು, ಹಾಡುಗಾರ ನಿದ್ದೆಗಣ್ಣಲ್ಲಿ ಹಾಡುತ್ತಿದ್ದಾನೆ ಅಂತ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. 33⅓ ಸುತ್ತಬೇಕಾದ್ದು 28ಕ್ಕೂ ಸ್ವಲ್ಪ ಕಡಿಮೆ ಸುತ್ತುತ್ತಿತ್ತು, ಹಾಡು ಮೂರು ಸ್ವರಸ್ಥಾನದಷ್ಟು ಕೆಳಗೆ ಇಳಿದಿತ್ತು. ಇಂಥದ್ದಕ್ಕೆ ಐದನೇ ಒಂದು ಭಾಗದಷ್ಟು ಹೆಚ್ಚು ದಪ್ಪ ಇರುವ 50 ಹರ್ಟ್ಜ್ ಪುಲ್ಲಿ ಬೇಕು, ಅಥವಾ 60 ಹರ್ಟ್ಜ್ ತಾನೇ ಹುಟ್ಟಿಸುವ ಬೇರೆ ಪವರ್ ಸಪ್ಲೈ. ಭಾವನದ್ದು ಡಿಸಿ ಮೋಟಾರಿನದ್ದಾದರೆ ಈ ತಾಪತ್ರಯ ಇಲ್ಲ, ಸರಿಯಾದ ಅಡಾಪ್ಟರ್ ಸಾಕು.

ಇನ್ನು 3 ಲಕ್ಷ. ಇದು ನನ್ನ ಅಭಿಪ್ರಾಯ, ವ್ಯಾಪಾರದ ಮಾತಲ್ಲ. ಅರ್ಧ ಮಾತ್ರ ಪ್ಲೇಯರ್ ಮತ್ತು ಆರ್ಮಿಗೆ ಇಡಿ. ಕಾಲು ಭಾಗ ಕಾರ್ಟ್ರಿಜ್ಜಿಗೆ. ಉಳಿದದ್ದು ಫೋನೋ ಸ್ಟೇಜು, ಶೆಲ್ಫು, ರೆಕಾರ್ಡು ತೊಳೆಯುವ ಸಾಮಾನು. ಎಲ್ಲವನ್ನೂ ಪ್ಲೇಯರಿಗೇ ಸುರಿದು, ಪೆಟ್ಟಿಗೆಯಲ್ಲಿ ಬಂದ ಮುಳ್ಳನ್ನೇ ಐದು ವರ್ಷ ಉಜ್ಜುವವರು ಬಹಳ ಜನ. ಮುಳ್ಳಿನ ಆಯಸ್ಸು ಐನೂರರಿಂದ ಸಾವಿರ ಗಂಟೆ. ದಿನಕ್ಕೆ ಎರಡು ಎಲ್‌ಪಿ ಕೇಳಿದರೆ ಎರಡು ವರ್ಷಕ್ಕೆ ಸುಮಾರು ಸಾವಿರ ಗಂಟೆ ಆಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ರೇಗಾ ಪ್ಲಾನರ್ 6ರ ಥರದ್ದು ಮೊದಲು ನೋಡುತ್ತಿದ್ದೆ. ಹಗುರ, ಬೇರೆ ಪವರ್ ಸಪ್ಲೈ ಇದೆ, ವೇಗ 33ರಿಂದ 45 ಸುತ್ತಿಗೆ ಬದಲಿಸಲು ಗುಂಡಿ ಒತ್ತಿದರೆ ಸಾಕು, ಬೆಲ್ಟು ಕೈಯಲ್ಲಿ ಬದಲಿಸಬೇಕಿಲ್ಲ. ಇದರ ಕಷ್ಟ ಏನೆಂದರೆ ಆರ್ಮಿನ ಎತ್ತರ ಸುಲಭವಾಗಿ ಬದಲಿಸಲಾಗದು, ಎತ್ತರದ ಕಾರ್ಟ್ರಿಜ್ ಹಾಕಿದರೆ ಆರ್ಮಿನ ಕೆಳಗೆ ಬಿಲ್ಲೆ ಕೊಡಬೇಕು. ಶೆಲ್ಫು ಕೆಟ್ಟದ್ದಿದ್ದರೆ ಹಗುರ ಪ್ಲೇಯರ್ ಅದನ್ನು ಮುಚ್ಚಿಡುವುದೂ ಇಲ್ಲ. ವಿಪಿಐ, ಕ್ಲಿಯರ್‌ಆಡಿಯೋ ಕಂಪನಿಗಳ ಭಾರದ ಮಾಡೆಲ್ಲುಗಳು ಗಟ್ಟಿ ಜಾಗ ಸಿಕ್ಕರೆ ಬೇಸನ್ನು ಬಹಳ ಚೆನ್ನಾಗಿ ಹಿಡಿಯುತ್ತವೆ, ಆದರೆ ಆ ತೂಕ ಹೊರುವ ಶೆಲ್ಫೂ ಬೇಕು, ನಿಮ್ಮ ಬಜೆಟ್ಟಿನಲ್ಲಿ ಕಾರ್ಟ್ರಿಜ್ಜಿಗೆ ಚಿಲ್ಲರೆ ಉಳಿಯುತ್ತದೆ. ಮೂರನೆಯದು ಸ್ಪ್ರಿಂಗಿನ ಮೇಲೆ ತೂಗುವ ಜಾತಿ. 1961ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್ ಕಂಪನಿ ತಂದ ದಾರಿ, ಆಮೇಲೆ ಥೋರೆನ್ಸ್ ಟಿಡಿ 150, ಲಿನ್ ಎಲ್‌ಪಿ12 ಎಲ್ಲ ಅದೇ ವಂಶ. ರೈಲಿನ ಪಕ್ಕದ ಮನೆಗೆ ಕಾಗದದ ಮೇಲೆ ಇದೇ ಸರಿ. ಆದರೆ ಸ್ಪ್ರಿಂಗುಗಳು ಸಮವಾಗಿ ಕುಣಿಯುವಂತೆ ಹೊಂದಿಸಲು ಗೊತ್ತಿರುವ ಕೈ ಬೇಕು, ನಮ್ಮೂರಲ್ಲಿ ಅಂಥವರು ಕಡಿಮೆ, ಬೆಂಗಳೂರಿಗೆ ಹೊತ್ತುಕೊಂಡು ಹೋಗಿ ವಾಪಸ್ ತರುವಷ್ಟರಲ್ಲಿ ಹೊಂದಾಣಿಕೆ ಮತ್ತೆ ತಪ್ಪಿರುತ್ತದೆ. ಮರದ ನೆಲದ ಮನೆಗಳಲ್ಲಿ ನಡೆದಾಡಿದರೂ ಇವು ಕುಣಿಯುತ್ತವೆ, ನಮ್ಮ ಸಿಮೆಂಟ್ ನೆಲದಲ್ಲಿ ಆ ಕಾಟ ಕಡಿಮೆ.

ಯಾವುದೇ ತಗೊಂಡರೂ ಆರ್ಮ್ ಮತ್ತು ಕಾರ್ಟ್ರಿಜ್ ಜೋಡಿ ಕೂಡುತ್ತದಾ ಅಂತ ಒಂದು ಲೆಕ್ಕ ಹಾಕಿ. ಆರ್ಮಿನ ಎಫೆಕ್ಟಿವ್ ಮಾಸ್ (ಮುಳ್ಳಿನ ಜಾಗದಲ್ಲಿ ತಗಲುವ ಆರ್ಮಿನ ತೂಕ), ಕಾರ್ಟ್ರಿಜ್, ಸ್ಕ್ರೂ ಮೂರನ್ನೂ ಗ್ರಾಂನಲ್ಲಿ ಕೂಡಿ, ಕಾರ್ಟ್ರಿಜ್‌ನ ಕಂಪ್ಲಯನ್ಸಿನಿಂದ (ಮುಳ್ಳು ಎಷ್ಟು ಸಲೀಸಾಗಿ ಬಳುಕುತ್ತದೆ ಅನ್ನುವ ಅಂಕಿ) ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 159ನ್ನು ಭಾಗಿಸಿ. 11 + 7 + 1 ಗ್ರಾಂ, ಕಂಪ್ಲಯನ್ಸ್ 20 ಆದರೆ ಆ ಜೋಡಿ ತಾನಾಗಿ ಕುಣಿಯುವ ವೇಗ ಸುಮಾರು 8 ಹರ್ಟ್ಜ್ ಬರುತ್ತದೆ. 8ರಿಂದ 12ರ ಒಳಗೆ ಇದ್ದರೆ ಮದುವೆ ಆಗಬಹುದು. ಕೆಳಗೆ ಹೋದರೆ ಸೊಟ್ಟ ರೆಕಾರ್ಡಿನ ಏರಿಳಿತಕ್ಕೆ ವೂಫರ್ (ಬೇಸ್ ನುಡಿಸುವ ಸ್ಪೀಕರ್) ಉಸಿರಾಡುವಂತೆ ಒಳಗೆ ಹೊರಗೆ ಆಡುತ್ತದೆ, ಮೇಲೆ ಹೋದರೆ ಬೇಸಿಗೆ ಹತ್ತಿರವಾಗುತ್ತದೆ. ರಾಕ್ ಪ್ರಿಯರು ಕೊಂಡಾಡುವ ಡೆನಾನ್ ಡಿಎಲ್-103 ಕಾರ್ಟ್ರಿಜ್ ನಿಮಗೆ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಜಪಾನಿನ ಎನ್‌ಎಚ್‌ಕೆ ಪ್ರಸಾರಕ್ಕಾಗಿ 1960ರ ದಶಕದಲ್ಲಿ ಮಾಡಿದ್ದು, ಗಟ್ಟಿಮುಟ್ಟು, ಡ್ರಮ್ಸ್ ಎದೆಗೆ ಬಡಿಯುತ್ತದೆ, ಆದರೆ ಭಾರದ ಆರ್ಮ್ ಕೇಳುತ್ತದೆ, ಮುಳ್ಳಿನ ತುದಿ ಗುಂಡಗಿದೆ. ನಿಮ್ಮ ಕೊನೆಯ ಹಾಡಿಗೆ ಮತ್ತೆ ಅದೇ ಕಥೆ.

ಸದ್ಯಕ್ಕೆ ದುಡ್ಡು ಬ್ಯಾಂಕಿನಲ್ಲೇ ಇರಲಿ. ನಿಂತ ರೆಕಾರ್ಡಿನ ಪರೀಕ್ಷೆ ಮಾಡಿ, ಜೆಪೆಲಿನ್ ಪ್ರತಿಯನ್ನು ಬೇರೆ ಕಡೆ ಕೇಳಿ. ಪ್ಲೇಯರಿನ ಹಿಂದೆ ಅಥವಾ ಅಡಿಯಲ್ಲಿ ವೋಲ್ಟ್, ಹರ್ಟ್ಜ್ ಬರೆದ ಚೀಟಿ ಇರುತ್ತದೆ, ಅದರ ಫೋಟೋ ಕಳಿಸಲು ಭಾವನಿಗೆ ಹೇಳಿ. ಸಾಧ್ಯವಾದರೆ ಪ್ಲ್ಯಾಟರ್ ಎತ್ತಿ ಪುಲ್ಲಿಯದ್ದೂ ಒಂದು.